ಗೋಕಾಕ ರೋಡಿನಲ್ಲಿ ಇಳಿದವರು

ಬೆಳಗಾವಿಯಿಂದ ಮೀರಜಿಗೆ ಹೋಗುವ ಗಾಡಿಯಲ್ಲಿ ನೀವು ಒಮ್ಮೆಯಾದರೂ ಕುಳಿತಿದ್ದರೆ ಘಟಪ್ರಭಾ ನಿಲ್ದಾಣವನ್ನು ನೋಡಿಯೇ ಇರುತ್ತೀರಿ. ಧುಪದಾಳದ ಜನರಿಗೆ ಹತ್ತಿರದ ನಿಲ್ದಾಣ ಅದೇ. ಗಾಡಿ ಕೆಲವು ನಿಮಿಷ ನಿಲ್ಲುತ್ತದೆ. ಗೋಕಾಕದ ಕಡೆಗೆ ಹೋಗುವವರು ಗಂಟುಮೂಟೆಗಳೊಡನೆ ಇಳಿಯುತ್ತಾರೆ. ಗಾಡಿ ಮತ್ತೆ ಹೊರಡುತ್ತದೆ. ಈ ನಿಲ್ದಾಣಕ್ಕೆ ಹಿಂದೆ ಬೇರೊಂದು ಹೆಸರಿತ್ತು. ಹಳೆಯ ಗ್ಯಾಸೆಟಿಯರಿನಲ್ಲಿ ನೋಡಿದರೆ ಅದು ‘ಗೋಕಾಕ ರೋಡ್’. ಹಳಿ ಊರಿನಿಂದ ದೂರದಲ್ಲಿ ಹಾಯ್ದುಹೋದಾಗ, ಊರಿನ ಹೆಸರಿಗೆ ‘ರೋಡ್’ ಎಂಬ ಬಾಲವನ್ನು ಹಚ್ಚಿ ನಿಲ್ದಾಣಕ್ಕೆ ನಾಮಕರಣ ಮಾಡುವುದು ಅಂದಿನ ರೈಲ್ವೆಯವರ ರೂಢಿ. ಮೀರಜಿನ ಕಡೆಗೆ ತುಸು ಮುಂದೆ ಬರುವ ‘ಚಿಕ್ಕೋಡಿ ರೋಡ್’ ಇಂದಿಗೂ ಆ ರೂಢಿಗೆ ಸಾಕ್ಷಿಯಾಗಿ ನಿಂತಿದೆ. ಗೋಕಾಕ ರೋಡ್ ಮಾತ್ರ ನದಿಯ ಹೆಸರನ್ನು ಹೊತ್ತು ಘಟಪ್ರಭಾ ಆಯಿತು.

ಹೆಸರು ಹೋದಂತೆ ಹೊಗೆಯೂ ಹೋಯಿತು. ಈಗ ಅಲ್ಲಿ ಓಡುವ ಗಾಡಿಗಳನ್ನು ಎಳೆಯುವ ಎಂಜಿನುಗಳಿಗೆ ಕಲ್ಲಿದ್ದಲು ಬೇಡ, ನೀರೂ ಬೇಡ. ಆದರೆ ಉಗಿ ಎಂಜಿನನ್ನು ಮರೆಯಲೊಲ್ಲದ ಜನ ಲೋಕದಲ್ಲೆಲ್ಲ ಇದ್ದಾರೆ. ಹಳೆಯ ಎಂಜಿನುಗಳನ್ನು ಹುಡುಕಿಕೊಂಡು ಹೋಗುವವರು, ಅವು ಎಳೆಯುವ ವಿಹಾರದ ಗಾಡಿಗಳಲ್ಲಿ ದೂರದಿಂದ ಬಂದು ಕೂಡುವವರು, ಆಮೇಲೆ ವರ್ಷಗಟ್ಟಲೆ ಅದನ್ನೇ ನೆನೆಯುವವರು. ಇವರ ನೆನಪು ದೊಡ್ಡದು. ಆದರೆ ಗೋಕಾಕ ರೋಡಿನಲ್ಲಿ ಇಳಿದು ಹತ್ತಿದ ನಮ್ಮ ಹಿರಿಯರ ನೆನಪೂ ಸಣ್ಣದಲ್ಲ. ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡೋಣ.

ಈ ಹಳಿಯ ಮೂಲ ವಿಹಾರದಲ್ಲಿಲ್ಲ, ಹಸಿವಿನಲ್ಲಿದೆ. 1876ರಿಂದ 1878ರವರೆಗೆ ದಕ್ಷಿಣ ಹಿಂದುಸ್ಥಾನವನ್ನು ಕಾಡಿದ ದೊಡ್ಡ ಬರದಲ್ಲಿ ನಮ್ಮ ಬಯಲುಸೀಮೆ ಬೆಂದುಹೋಯಿತು. ಒಂದು ಕಡೆ ಧಾನ್ಯವಿದ್ದರೂ ಅದನ್ನು ಹಸಿದವರ ಊರಿಗೆ ಮುಟ್ಟಿಸಲು ಎತ್ತಿನ ಗಾಡಿಯ ಹೊರತು ಬೇರೆ ದಾರಿಯಿಲ್ಲದ ಸೀಮೆ ಇದು. ಎತ್ತುಗಳೇ ಮೇವಿಲ್ಲದೆ ಸತ್ತಾಗ ಆ ದಾರಿಯೂ ಮುಚ್ಚಿತು. ಆ ಪಾಠದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮೊದಲು ಹೋಟಗಿ–ಗದಗ ಮಾರ್ಗ. ಅನಂತರ ಲೋಂಡಾದಿಂದ ಬೆಳಗಾವಿ, ಮೀರಜುಗಳ ಮೇಲೆ ಪುಣೆಯವರೆಗಿನ ಮಾರ್ಗ. 1880ರ ದಶಕ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆಯ ಹೊಲಗಳ ನಡುವೆ ಉಗಿಬಂಡಿ ಕೂಗತೊಡಗಿತ್ತು. ಖರ್ಚು ಕಡಿಮೆಯಾಗಲೆಂದು ಹಾಕಿದ್ದು ಮೀಟರ್‌ಗೇಜ್ ಹಳಿ. ಎರಡು ಕಂಬಿಗಳ ನಡುವೆ ಸರಿಯಾಗಿ ಒಂದು ಮೀಟರು ಅಂತರ. ಪುಣೆಯಿಂದ ಮುಂಬಯಿಗೆ ಹೋಗುವ ಬ್ರಾಡ್‌ಗೇಜಿಗೆ ಐದೂವರೆ ಅಡಿ. ಹೀಗಾಗಿ ನಮ್ಮವರು ಮುಂಬಯಿಗೆ ಹೋಗಬೇಕಾದರೆ ಪುಣೆಯಲ್ಲಿ ಇಳಿದು ಗಾಡಿ ಬದಲಿಸಲೇಬೇಕಾಗಿತ್ತು. 1971ರಲ್ಲಿ ಪುಣೆ–ಮೀರಜ್ ಹಳಿ ಅಗಲವಾದ ಮೇಲೆ ಆ ತೊಂದರೆ ಮೀರಜಿಗೆ ಸರಿಯಿತು. 1990ರ ದಶಕದಲ್ಲಿ ಮೀರಜ್–ಲೋಂಡಾ ಮಾರ್ಗವೂ ಬ್ರಾಡ್‌ಗೇಜ್ ಆದಾಗಲೇ ಅದು ಕೊನೆಗಂಡಿತು.

ಕಂಪನಿಯ ಹೆಸರುಗಳು ಹಲವು ಬಾರಿ ಬದಲಾದವು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿತು. 1951ರಲ್ಲಿ ಸದರ್ನ್ ರೈಲ್ವೆಯಲ್ಲಿ ಸೇರಿತು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ, 2003ರಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿಟ್ಟುಕೊಂಡ ನೈಋತ್ಯ ರೈಲ್ವೆ ಬಂತು. ಗಾಡಿ ಹತ್ತುವವನಿಗೆ ಇದರಿಂದ ಹೆಚ್ಚು ವ್ಯತ್ಯಾಸವೇನೂ ಆಗಲಿಲ್ಲ. ಅವನಿಗೆ ಬೇಕಾದುದು ಗಾಡಿ, ಕಿಡಕಿಯ ಪಕ್ಕದ ಜಾಗ, ಮತ್ತು ಹೊತ್ತಿಗೆ ಸರಿಯಾಗಿ ಊರು.

ಜನ ಗೋಕಾಕ ರೋಡಿನಲ್ಲಿ ಏತಕ್ಕಾಗಿ ಇಳಿಯುತ್ತಿದ್ದರು? ಮಳೆಗಾಲದಲ್ಲಾದರೆ ಜಲಪಾತಕ್ಕಾಗಿ. ಧುಪದಾಳದ ಹತ್ತಿರ ಘಟಪ್ರಭೆಗೆ ಅಡ್ಡಲಾಗಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಇದೆ. ಕಾಲುವೆಗೆ ನೀರು ಹೊರಡುವುದು ಅಲ್ಲಿಂದಲೇ. ಅದರ ಹಿಂದೆ ನಿಂತ ನೀರಿಗೆ ಚಳಿಗಾಲದಲ್ಲಿ ಪರದೇಶದ ಹಕ್ಕಿಗಳು ಬರುತ್ತವೆ. 1974ರಲ್ಲಿ ಅದು ಪಕ್ಷಿಧಾಮವಾಯಿತು. ಒಡ್ಡನ್ನು ದಾಟಿದ ನದಿ ಕೆಲವು ಮೈಲಿ ಹರಿದು, ಗೋಕಾಕದ ಬಂಡೆಯ ಅಂಚಿನಿಂದ ಸುಮಾರು 170 ಅಡಿ ಆಳಕ್ಕೆ ಧುಮುಕುತ್ತದೆ. ಅದೇ ನೀರಿನ ಬಲವನ್ನು ನೆಚ್ಚಿ 1880ರ ದಶಕದಲ್ಲಿಯೇ ದಂಡೆಯ ಮೇಲೆ ನೂಲಿನ ಗಿರಣಿ ಎದ್ದಿತ್ತು. ಕಂದರದ ಮೇಲಿನ ತೂಗುಸೇತುವೆ, ಬದಿಯ ಹಳೆಯ ಮಹಾಲಿಂಗೇಶ್ವರ ಗುಡಿ, ಮೋರೆಗೆ ಬಂದು ಹೊಡೆಯುವ ನೀರಿನ ತುಂತುರು. ನೋಡಿ ಹಿಂತಿರುಗುವಾಗ ಕೈಯಲ್ಲಿ ಕರದಂಟಿನ ಪೊಟ್ಟಣವಿಲ್ಲದಿದ್ದರೆ ಮನೆಯಲ್ಲಿ ಮಕ್ಕಳು ಒಳಗೆ ಬಿಟ್ಟುಕೊಳ್ಳುವರೆ?

ಜಾತ್ರೆಗೂ ಇದೇ ಹಳಿ. ರಾಯಬಾಗದ ಆಚೆ ಚಿಂಚಲಿ ಇದೆಯಷ್ಟೆ; ಮಾಘಮಾಸದಲ್ಲಿ ಅಲ್ಲಿ ಮಾಯಕ್ಕನ ಜಾತ್ರೆ ಕೂಡಿದಾಗ ಕನ್ನಡದವರೂ ಮರಾಠಿಯವರೂ ಭಂಡಾರ ಬಳಿದುಕೊಂಡು ಬರುತ್ತಾರೆ. 1924ರ ಡಿಸೆಂಬರಿನಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದಾಗ, ದೂರದೂರದಿಂದ ರೈಲಿನಲ್ಲಿ ಬಂದವರನ್ನು ಊರಿಗೆ ಮುಟ್ಟಿಸಿದ್ದು ಈ ಮೀಟರ್‌ಗೇಜ್ ದಾರಿಯೇ. ಬೆಳಗಾವಿಗೆ ಬೇರೆ ಹಳಿ ಇರಲಿಲ್ಲ. ದೇವರಿಗೆ ಹೋದವರು, ದೇಶಕ್ಕಾಗಿ ಹೋದವರು, ಬರಿದೆ ನೀರು ಬೀಳುವುದನ್ನು ನೋಡಲು ಹೋದವರು, ಎಲ್ಲರನ್ನೂ ಎಳೆದದ್ದು ಒಂದೇ ಬಗೆಯ ಕರಿಯ ಎಂಜಿನು.

ಆ ಎಂಜಿನು ನಡೆಯುತ್ತಿದ್ದುದು ಹೇಗೆ ಎಂಬುದನ್ನು ತುಸು ವಿವರವಾಗಿ ನೋಡಿದರೆ ಅದರ ಅಭಿಮಾನಿಗಳ ಹುಚ್ಚು ನಮಗೂ ಅರ್ಥವಾದೀತು. ನಮ್ಮ ಹಿರಿಯರು ಕೊನೆಯ ದಿನಗಳಲ್ಲಿ ಮೀಟರ್‌ಗೇಜಿನ ಮೇಲೆ ಕಂಡ ಎಂಜಿನುಗಳಲ್ಲಿ ಮುಖ್ಯವಾದವು ಎರಡು ಜಾತಿ: ಪ್ರಯಾಣಿಕರ ಗಾಡಿಗೆ ವೈ.ಪಿ., ಸಾಮಾನಿನ ಗಾಡಿಗೆ ವೈ.ಜಿ. ವೈ.ಪಿ.ಗೆ ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡ ಗಾಲಿ, ಹಿಂದೆ ಎರಡು. 1949ರಿಂದ 1970ರವರೆಗೆ ಇಂಥವು 871 ತಯಾರಾದವು. ಅರ್ಧಕ್ಕಿಂತ ಹೆಚ್ಚಿನವು ಜಮ್ಶೇಡ್‌ಪುರದ ಟಾಟಾ ಕಾರ್ಖಾನೆಯಲ್ಲಿ.

ಬಾಯ್ಲರಿನಲ್ಲಿ ಕಾದ ಉಗಿ ಸಿಲಿಂಡರಿಗೆ ಬಂದು ಪಿಸ್ಟನನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ. ಕೆಲಸ ಮುಗಿಸಿದ ಉಗಿ ಹೊಗೆಗೊಳವೆಯ ಮೂಲಕ ಹೊರಬೀಳುತ್ತ ಬೆಂಕಿಯ ಗಾಳಿಯನ್ನೂ ತನ್ನೊಡನೆ ಸೆಳೆದೊಯ್ಯುತ್ತದೆ. ಹೀಗೆ ಎಂಜಿನು ಹೆಚ್ಚು ದುಡಿದಷ್ಟೂ ಬೆಂಕಿ ತಾನಾಗಿಯೇ ಹೆಚ್ಚು ಉರಿಯುತ್ತದೆ. ನಾವು ಬಾಲ್ಯದಲ್ಲಿ ಆಟವಾಡುತ್ತ ಅನುಕರಿಸಿದ ‘ಛುಕ್ ಛುಕ್’ ಎಂದರೆ ಈ ಉಗಿ ಹೊರಬೀಳುವ ಸದ್ದು. ಎರಡು ಸಿಲಿಂಡರಿನ ಎಂಜಿನಿನಲ್ಲಿ ದೊಡ್ಡ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಸಲ ಆ ಸದ್ದು. ಏರಿನಲ್ಲಿ ಅದು ನಿಧಾನವಾಗಿ ಭಾರವಾಗುತ್ತದೆ, ಇಳಿತದಲ್ಲಿ ಹಗುರಾಗುತ್ತದೆ. ಕಿವಿ ಪಳಗಿದವನು ಮನೆಯಲ್ಲಿ ಕುಳಿತೇ, ಗಾಡಿ ತುಂಬಿ ಬಂದಿದೆಯೋ ಬರಿದಾಗಿ ಬಂದಿದೆಯೋ ಹೇಳಬಲ್ಲನಾಗಿದ್ದ.

ಆದರೆ ಎಂಜಿನು ತಾನಾಗಿ ನಡೆಯುತ್ತಿರಲಿಲ್ಲ. ಗಾಡಿ ಹೊರಡುವುದಕ್ಕೆ ಹಲವು ತಾಸು ಮೊದಲೇ ಯಾರೋ ಒಬ್ಬರು ಷೆಡ್ಡಿನಲ್ಲಿ ಬೆಂಕಿ ಹೊತ್ತಿಸಬೇಕು. ಬಾಯ್ಲರು ತಣ್ಣಗಿದ್ದರೆ ಅರ್ಧ ದಿನವೂ ಹಿಡಿದೀತು. ಗಾಡಿ ಹೊರಟ ಮೇಲೆ ಫೈರ್‌ಮನ್ ಕುಲುಕಾಡುವ ಹಲಗೆಯ ಮೇಲೆ ಕಾಲೂರಿ ನಿಂತು, ಸಲಿಕೆ ಸಲಿಕೆಯಾಗಿ ಕಲ್ಲಿದ್ದಲನ್ನು ಬೆಂಕಿಯ ಬಾಯಿಗೆ ಎಸೆಯಬೇಕು. ಒಂದೇ ಕಡೆ ಗುಡ್ಡೆ ಬೀಳಬಾರದು, ಎಲ್ಲಿಯೂ ತೂತು ಬೀಳಬಾರದು. ಕೈ ಎಲ್ಲಿ ಬೀಸಿದರೆ ಇದ್ದಲು ಎಲ್ಲಿ ಬೀಳುವುದೆಂಬ ಅಂದಾಜು ಪುಸ್ತಕದಿಂದ ಬರುವಂಥದಲ್ಲ. ಕಣ್ಣು ನೀರಿನ ಗಾಜಿನ ಮೇಲೆಯೇ ಇರಬೇಕು. ಬಾಯ್ಲರಿನ ನೀರು ಇಳಿದು ಬೆಂಕಿಪೆಟ್ಟಿಗೆಯ ನೆತ್ತಿ ಬರಿದಾದರೆ ಅನರ್ಥ. ಅದಕ್ಕಾಗಿಯೇ ಅಲ್ಲಿ ಸೀಸದ ಬಿರಡೆಯೊಂದನ್ನು ಇಟ್ಟಿರುತ್ತಾರೆ. ನೀರು ತಪ್ಪಿದರೆ ಸೀಸ ಕರಗಿ, ಉಗಿ ನುಗ್ಗಿ ಬೆಂಕಿಯನ್ನು ಆರಿಸುತ್ತದೆ. ಜೀವ ಉಳಿಯುತ್ತದೆ, ಗಾಡಿ ನಿಲ್ಲುತ್ತದೆ, ಕೆಲಸಗಾರನ ಮೇಲೆ ವಿಚಾರಣೆ ಬರುತ್ತದೆ. ಬೇಸಗೆಯ ಮಧ್ಯಾಹ್ನ, ಮುಂದೆ ಬೆಂಕಿ, ಮೇಲೆ ಬಿಸಿಲು. ಕಿಡಕಿಯಿಂದ ತಲೆ ಹೊರಗೆ ಹಾಕಿ ಕಣ್ಣಿಗೆ ಕಿಟ್ಟ ಬಿದ್ದಿತೆಂದು ಗೊಣಗಿದ ನಾವು, ಆ ಕಿಟ್ಟದ ಇನ್ನೊಂದು ತುದಿಯಲ್ಲಿ ನಿಂತವನನ್ನು ನೆನೆದದ್ದು ಕಡಿಮೆ.

ಇನ್ನು ಪರದೇಶದ ಅಭಿಮಾನಿಗಳ ಮಾತು. ಇಂಗ್ಲೆಂಡಿನಲ್ಲಿ ಉಗಿಗಾಡಿಯ ಕಾಲ ನಮಗಿಂತ ಬಹು ಮೊದಲೇ ಮುಗಿಯಿತು. 1968ರ ಆಗಸ್ಟ್ 11ರಂದು ಅಲ್ಲಿನ ಸರಕಾರಿ ರೈಲ್ವೆ ಉಗಿಯ ಕೊನೆಯ ವಿಹಾರಗಾಡಿಯನ್ನು ಓಡಿಸಿತು. ಟಿಕೇಟಿಗೆ ಹದಿನೈದು ಗಿನಿ. ಅಷ್ಟು ದುಬಾರಿಯಾದರೂ ಜನ ಮುಗಿಬಿದ್ದು ಕೊಂಡರು. ಹಳಿಯುದ್ದಕ್ಕೂ ನಿಂತು ಬೀಳ್ಕೊಟ್ಟರು. ವೇಲ್ಸಿನಲ್ಲಿ 1951ರಲ್ಲಿಯೇ ತಾಲಿಲಿನ್ ಎಂಬ ಪುಟ್ಟ ರೈಲುದಾರಿಯನ್ನು ಊರವರೂ ಹವ್ಯಾಸಿಗಳೂ ಸಂಬಳವಿಲ್ಲದೆ ದುಡಿದು ಉಳಿಸಿಕೊಂಡಿದ್ದರು. ತಮ್ಮಲ್ಲಿ ಹೊಗೆ ಆರಿದ ಮೇಲೆ ಈ ಅಭಿಮಾನಿಗಳು ಕ್ಯಾಮೆರಾ ಹಿಡಿದು ನಮ್ಮ ದೇಶಕ್ಕೆ ಬರತೊಡಗಿದರು. ನಮ್ಮ ಹತ್ತಿರದ ಮೀರಜು ಅಂಥವರಿಗೆ ಒಂದು ಕ್ಷೇತ್ರವಿದ್ದಂತೆ: 1971ರ ಅನಂತರ ಅಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ಬಾರ್ಸಿ ಕಡೆಯ ನ್ಯಾರೋಗೇಜ್ ಮೂರೂ ಒಂದೇ ಊರಿನಲ್ಲಿ ಕೂಡುತ್ತಿದ್ದವು. ನಾವು ದಿನಬಳಕೆಯ ಸಾಧನವೆಂದು ಕಡೆಗಣಿಸಿದ್ದನ್ನು ಅವರು ಸಮುದ್ರ ದಾಟಿ ಬಂದು ನೋಡಿದರು.

ನಮ್ಮ ದೇಶದಲ್ಲಿಯೂ ಎಚ್ಚರ ಬಾರದೆ ಇರಲಿಲ್ಲ. 1977ರಲ್ಲಿ ದಿಲ್ಲಿಯಲ್ಲಿ, 1979ರಲ್ಲಿ ಮೈಸೂರಿನಲ್ಲಿ ರೈಲ್ವೆ ವಸ್ತುಸಂಗ್ರಹಾಲಯಗಳು ತೆರೆದವು. 1855ರಲ್ಲಿ ತಯಾರಾದ ‘ಫೇರಿ ಕ್ವೀನ್’ ಎಂಬ ಅಜ್ಜಿ ಎಂಜಿನು 1997ರಲ್ಲಿ ಮತ್ತೆ ಹಳಿಯೇರಿ ದಿಲ್ಲಿಯಿಂದ ಅಲವರಕ್ಕೆ ವಿಹಾರಿಗಳನ್ನು ಎಳೆಯಿತು. ನೀಲಗಿರಿಯ ಏರಿನಲ್ಲಿ ಉಗಿ ಎಂಜಿನು ಇಂದಿಗೂ ಹಲ್ಲುಹಳಿಯನ್ನು ಕಚ್ಚಿ ಹತ್ತುತ್ತದೆ. 2020ರಲ್ಲಿ ಹುಬ್ಬಳ್ಳಿಯಲ್ಲಿಯೂ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಹಳೆಯ ರೈಲ್ವೆಯ ಎರಡು ಮನೆಗಳನ್ನು ಜೋಪಾನ ಮಾಡಿ ಒಂದಕ್ಕೆ ಮಲಪ್ರಭಾ, ಇನ್ನೊಂದಕ್ಕೆ ಘಟಪ್ರಭಾ ಎಂದು ಹೆಸರಿಟ್ಟಿದ್ದಾರೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ ಬನ್ನಿ.

ಕಬ್ಬಿಣವನ್ನು ಉಳಿಸುವುದು ಹೀಗೆ ಸಾಧ್ಯವಾಯಿತು. ಸದ್ದನ್ನು? ರೇಡಿಯೋ ಕೇಳುವ ನಿಮಗೆ ಈ ಸಂಗತಿ ರುಚಿಸೀತು. ಇಂಗ್ಲೆಂಡಿನ ಪೀಟರ್ ಹ್ಯಾಂಡ್‌ಫರ್ಡ್ ಎಂಬ ಚಲನಚಿತ್ರದ ಶಬ್ದಗ್ರಾಹಕ 1950ರ ದಶಕದಲ್ಲಿ ಧ್ವನಿಮುದ್ರಣದ ಯಂತ್ರವನ್ನು ಹೊತ್ತು ಹಳಿಯ ಬದಿಯಲ್ಲಿ ರಾತ್ರಿಯೆಲ್ಲ ಕಾದು, ಉಗಿ ಎಂಜಿನುಗಳ ಸದ್ದನ್ನು ಹಿಡಿದು ಗ್ರಾಮಫೋನ್ ತಟ್ಟೆಗಳಾಗಿ ಹೊರತಂದ. ಹಾಡಿಲ್ಲ, ಮಾತಿಲ್ಲ, ಬರಿಯ ಗಾಡಿಯ ಸದ್ದು. ಜನ ಕೊಂಡು ಕೇಳಿದರು. ಮುಂದೆ ಇದೇ ಮನುಷ್ಯನಿಗೆ ‘ಔಟ್ ಆಫ್ ಆಫ್ರಿಕಾ’ ಚಿತ್ರದ ಶಬ್ದಕ್ಕಾಗಿ ಆಸ್ಕರ್ ಬಹುಮಾನ ಬಂತು. ಹೋಗುವ ಸದ್ದನ್ನು ಹೋಗುವ ಮೊದಲೇ ಹಿಡಿಯಬೇಕೆಂಬ ಬುದ್ಧಿ ಅವನಿಗೆ ಸಕಾಲದಲ್ಲಿ ಹೊಳೆದಿತ್ತು.

ನಮ್ಮ ಹಳಿಯ ಸದ್ದು ಹೋಗಿಯಾಯಿತು. ಆದರೆ ಆ ಸದ್ದನ್ನು ಹುಟ್ಟಿಸಿದವರ ಮಾತು ಇನ್ನೂ ಪೂರ್ತಿ ಹೋಗಿಲ್ಲ. ಮೀಟರ್‌ಗೇಜಿನ ಕೊನೆಯ ದಿನಗಳಲ್ಲಿ ಇಪ್ಪತ್ತರ ಹರೆಯದಲ್ಲಿ ಸಲಿಕೆ ಹಿಡಿದವರು ಈಗ ಮುಪ್ಪಿನತ್ತ ಸಾಗಿದ್ದಾರೆ. ಅವರಿಗೆ ಕಲಿಸಿದ ಡ್ರೈವರುಗಳಲ್ಲಿ ಹೆಚ್ಚಿನವರು ಈಗಿಲ್ಲ. ಎಂಜಿನನ್ನು ಕಟ್ಟೆಯ ಮೇಲೆ ನಿಲ್ಲಿಸಿ ಬಣ್ಣ ಬಳಿದು ನೂರು ವರ್ಷ ಕಾಯಬಹುದು. ಸಲಿಕೆ ಬೀಸುವ ಕೈಯ ಅಂದಾಜನ್ನು, ಮಂಜಿನ ಬೆಳಗಿನಲ್ಲಿ ಕೈಕಂಬ ಕಾಣದೆ ಸೀಟಿ ಹಾಕುತ್ತ ಬಂದವನ ಎದೆಗುದಿಯನ್ನು, ಜಾತ್ರೆಯ ಗಾಡಿಯಲ್ಲಿ ಮಾಡಿನ ಮೇಲೆ ಕುಳಿತವರನ್ನು ಇಳಿಸಲು ಗಾರ್ಡು ಪಟ್ಟ ಪಾಡನ್ನು ಯಾವ ಕಟ್ಟೆಯ ಮೇಲೆ ನಿಲ್ಲಿಸೋಣ?

ಆದುದರಿಂದ ನಿಮ್ಮಲ್ಲಿ ಒಂದು ಬಿನ್ನಹ. ಧುಪದಾಳ, ಕೊಣ್ಣೂರು, ಗೋಕಾಕ, ಹುಕ್ಕೇರಿ, ರಾಯಬಾಗಗಳ ಕಡೆ ನಿಮ್ಮ ಬೀಗರೋ ಬಳಗದವರೋ ಇದ್ದೇ ಇರುತ್ತಾರೆ. ಮುಂದಿನ ಸಲ ಹೋದಾಗ, ರೈಲ್ವೆಯಲ್ಲಿ ದುಡಿದ ಅಜ್ಜನೊಬ್ಬನನ್ನು ಕಟ್ಟೆಯ ಮೇಲೆ ಕೂಡ್ರಿಸಿಕೊಂಡು, ‘ಅಜ್ಜಾ, ಉಗಿಗಾಡಿ ಹೆಂಗ ನಡಸ್ತಿದ್ರಿ, ಹೇಳ್ರಿ’ ಎಂದು ಕೇಳಿ. ಮಗನ ಕೈಯಲ್ಲಿರುವ ಮೊಬೈಲಿನಲ್ಲಿ ಅದನ್ನು ಮುದ್ರಿಸಿಕೊಳ್ಳಿ. ಆಗದಿದ್ದರೆ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಅವನು ಮೊದಲು, ‘ಅದರಾಗೇನೈತಿ’ ಎನ್ನುತ್ತಾನೆ. ತುಸು ಹೊತ್ತು ಸುಮ್ಮನೆ ಕುಳಿತಿರಿ. ಆಮೇಲೆ ಅವನೇ ಹೇಳತೊಡಗುತ್ತಾನೆ.