ತಕರಾರು ಎಂಬ ಮರುಪಂದ್ಯ

2019ರ ಮಾರ್ಚ್ 17ರ ರಾತ್ರಿ ಅಂಧೇರಿ ಪಶ್ಚಿಮದ ವೀರಾ ದೇಸಾಯಿ ರಸ್ತೆಯ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ, ಅಂದರೆ ಐಎಸ್‌ಎಲ್‌ನ, ಫೈನಲ್. ಒಂದು ಕಡೆ ಬೆಂಗಳೂರು ಎಫ್‌ಸಿ, ಇನ್ನೊಂದು ಕಡೆ ಎಫ್‌ಸಿ ಗೋವಾ. ತೊಂಬತ್ತು ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಆಟದ ಮೊದಲರ್ಧ ಮುಗಿಯುವ ಹೊತ್ತಿಗೆ ಗೋವಾದ ಮಿಡ್‌ಫೀಲ್ಡರ್ ಅಹ್ಮದ್ ಜಹೂಹ್‌ಗೆ ಎರಡನೇ ಹಳದಿ ಕಾರ್ಡು, ಅದರ ಬೆನ್ನಿಗೇ ಕೆಂಪು. ಹತ್ತೇ ಜನ ಉಳಿದ ಗೋವಾ ಪೆನಾಲ್ಟಿಗಾದರೂ ಮುಟ್ಟೋಣವೆಂದು ಹಲ್ಲುಕಚ್ಚಿ ನಿಂತಿತು. 117ನೇ ನಿಮಿಷದಲ್ಲಿ ದಿಮಾಸ್ ದೆಲ್ಗಾದೊ ಹೊಡೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆಕೊಟ್ಟ. ಬೆಂಗಳೂರಿಗೆ ಮೊದಲ ಐಎಸ್‌ಎಲ್ ಕಪ್ಪು. ಗೋಲು ಹೊಡೆದ ಹುಡುಗ ಅಪ್ಪಟ ಮುಂಬಯಿಯವನು.

ಇಂಥ ಪಂದ್ಯ ಸೀಟಿ ಊದಿದ ಮಾತ್ರಕ್ಕೆ ಮುಗಿಯುವುದಿಲ್ಲ. ಹಳದಿ ಎರಡಾದರೆ ಕೆಂಪು, ಲೆಕ್ಕ ಸರಿಯಾಗಿದೆ ಎಂಬುದು ಬೆಂಗಳೂರಿನವರ ಮಾತು. ಫೈನಲ್‌ನಲ್ಲಿ, ಅದೂ ಕಾಲು ಸೋತ ಹೊತ್ತಿನಲ್ಲಿ, ರೆಫರಿ ಕೈ ಸ್ವಲ್ಪ ಬಿಗಿ ಹಿಡಿಯಬೇಕಿತ್ತು ಎಂಬುದು ಗೋವಾದವರದು. ಹನ್ನೊಂದು ಜನರಿದ್ದಿದ್ದರೆ ಆ ಕಾರ್ನರ್ ಬರುತ್ತಿತ್ತೇ? ಬರುತ್ತಿತ್ತು ಬಿಡಿ, ನೀವು ಆಗಲೇ ಸುಸ್ತಾಗಿದ್ದಿರಿ. ಹಾಗಾದರೆ ಮೊದಲ ಹಳದಿ? ಅಲ್ಲಿಗೆ ಮತ್ತೆ ಒಂದರಿಂದ ಶುರು. ಇದಕ್ಕೆ ಕನ್ನಡದಲ್ಲಿ ನಮ್ಮ ಬಾಯಿಗೆ ಮೊದಲು ಬರುವ ಪದ ತಕರಾರು. ಮೈದಾನದಿಂದ ಹೊರನಡೆದ ಜಹೂಹ್ ಮೊರಾಕ್ಕೊದವನು. ಅವನ ನಾಡಿನ ಅರಬ್ಬಿಗೂ ಈ ಪದ ಗೊತ್ತು, ಆದರೆ ಅಲ್ಲಿ ಅದರ ಅರ್ಥ ಜಗಳವೂ ಅಲ್ಲ, ಆಕ್ಷೇಪಣೆಯೂ ಅಲ್ಲ. ಅರಬ್ಬಿಯಲ್ಲಿ ತಕ್ರಾರ್ ಎಂದರೆ ಪುನರಾವರ್ತನೆ, ಮಾಡಿದ್ದನ್ನೇ ಮತ್ತೆ ಮಾಡುವುದು. ಅಂದು ಅವನಿಗೆ ಬಿದ್ದ ಶಿಕ್ಷೆಯೂ ಅದೇ ಲೆಕ್ಕದ್ದು. ಒಂದು ಹಳದಿಗೆ ಯಾರೂ ಹೊರಹೋಗುವುದಿಲ್ಲ, ಮರುಕಳಿಸಿದರೆ ಮಾತ್ರ.

ಈ ಪದದ ಬೇರು ಕಾಫ್, ರೇ, ರೇ ಎಂಬ ಮೂರು ಅಕ್ಷರಗಳು. ಕ್ರಿಯಾಪದ ಕರ್ರ: ಹಿಂದೆ ಸರಿದು ಮತ್ತೆ ಎರಗು. ಹಳೆಯ ಅರಬರ ಕುದುರೆ ಕಾಳಗದ ರೀತಿಗೆ ಕರ್ರ್ ಮತ್ತು ಫರ್ರ್ ಎಂದು ಹೆಸರು. ನುಗ್ಗಿ ಹೊಡೆದು ಓಡು, ವೈರಿ ಬೆನ್ನಟ್ಟಿ ಚದುರಿದ ಮೇಲೆ ತಿರುಗಿ ನುಗ್ಗು. ಇಂದಿನ ಕೌಂಟರ್ ಅಟ್ಯಾಕ್ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಜರತ್ ಅಲಿಗೆ ಹೈದರ್-ಎ-ಕರ್ರಾರ್ ಎಂಬ ಬಿರುದು ಬಂದದ್ದೂ ಈ ಬೇರಿನಿಂದಲೇ, ಮತ್ತೆ ಮತ್ತೆ ಎರಗುವ ಸಿಂಹ ಎಂದು. ಮುಷಾಯಿರಾದಲ್ಲಿ ಒಳ್ಳೆಯ ಷೇರ್ ಬಿದ್ದಾಗ ಸಭೆಯಿಂದ ಕೇಳುವ ‘ಮುಕರ್ರರ್’ ಎಂಬ ಕೂಗು ಅದೇ ಮನೆಯದು. ಇನ್ನೊಮ್ಮೆ ಹೇಳಿ ಎಂಬ ಬೇಡಿಕೆ. ಅರಬ್ಬಿಯಲ್ಲಿ ಶುದ್ಧಮಾಡಿದ ಸಕ್ಕರೆಗೂ ಮುಕರ್ರರ್ ಎಂದೇ ಹೆಸರು, ಮತ್ತೆ ಮತ್ತೆ ಕುದಿಸಿ ಕೊಳೆ ತೆಗೆದದ್ದರಿಂದ.

ಇಷ್ಟು ಮರ್ಯಾದಸ್ಥ ಪದ ಜಗಳಕ್ಕೆ ಇಳಿದದ್ದು ಹೇಗೆ? ನನಗೆ ತೋರುವ ದಾರಿ ಮದರಸಾಗಳ ಕಡೆಯಿಂದ ಬರುತ್ತದೆ. ನಮ್ಮ ದೇಶದ ಮದರಸಾಗಳಲ್ಲಿ ತಕ್ರಾರ್ ಎಂಬ ಪಾಠಕ್ರಮ ಇಂದಿಗೂ ಇದೆ. ಗುರುಗಳು ಹಗಲು ಹೇಳಿದ ಪಾಠವನ್ನು ಸಂಜೆ ಹುಡುಗರು ಗುಂಪಾಗಿ ಕೂತು ಮರಳಿ ಹೇಳುತ್ತಾರೆ. ಒಬ್ಬ ಹೇಳುವಾಗ ಇನ್ನೊಬ್ಬ ತಡೆಯುತ್ತಾನೆ: ಗುರುಗಳು ಹಾಗೆ ಹೇಳಲಿಲ್ಲ, ಹೀಗೆ ಹೇಳಿದರು. ಮರಳಿ ಹೇಳುವುದಕ್ಕೂ ಮರುವಾದಕ್ಕೂ ನಡುವೆ ಅಲ್ಲಿ ಗೆರೆ ಬಹಳ ತೆಳು. ಪಾರಸಿಯಲ್ಲಿ ಪುನರಾವರ್ತನೆಯ ಅರ್ಥವೇ ಇಂದಿಗೂ ಮುಖ್ಯ. ಇರಾನಿನ ಟೀವಿಯಲ್ಲಿ ಹಳೆಯ ಕಾರ್ಯಕ್ರಮ ಮರುಪ್ರಸಾರವಾದರೆ ಅದು ತಕ್ರಾರ್. ಹಿಂದೂಸ್ತಾನಕ್ಕೆ ಬಂದ ಮೇಲೆ ಪದ ಎರಡು ಹೊರೆ ಹೊತ್ತಿತು. ಪ್ಲ್ಯಾಟ್ಸ್ 1884ರಲ್ಲಿ ಪ್ರಕಟಿಸಿದ ಉರ್ದು ನಿಘಂಟು ಪುನರುಕ್ತಿ, ಜಗಳ ಎರಡನ್ನೂ ಕೊಡುತ್ತದೆ. ಆಮೇಲಾಮೇಲೆ ಜಗಳದ ಹೊರೆಯೇ ಭಾರವಾಯಿತು.

ಕನ್ನಡಕ್ಕೆ ಇದು ಸಾಹಿತ್ಯದ ಬಾಗಿಲಿನಿಂದ ಬಂದದ್ದಲ್ಲ, ಕಚೇರಿಯ ಬಾಗಿಲಿನಿಂದ ಬಂದದ್ದು. ವಿಜಯಪುರದ ಆದಿಲಶಾಹಿ ದಫ್ತರ, ಮರಾಠಿ ಕಾರಕೂನರ ಲೇಖಣಿ, ಮೈಸೂರಿನಲ್ಲಿ ಹೈದರ್-ಟಿಪ್ಪು ಕಾಲದ ಕಂದಾಯ. ಹೀಗೆ ವಕೀಲ, ಫಿರ್ಯಾದಿ, ಜಾಮೀನು, ರುಜುವಾತುಗಳ ಜೊತೆ ತಕರಾರೂ ಒಳಬಂತು. ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಗಳೂ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಉತ್ತರ ಕನ್ನಡವೂ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇದ್ದವು. ಅಲ್ಲಿಯ ಜಮೀನಿನ ತಕರಾರು ಕೆಳಗಿನ ಕೋರ್ಟಿನಲ್ಲಿ ಬಗೆಹರಿಯದಿದ್ದರೆ ಕೊನೆಗೆ ಮುಂಬಯಿ ಹೈಕೋರ್ಟಿನ ಮೆಟ್ಟಿಲು ಹತ್ತುತ್ತಿತ್ತು. ಕನ್ನಡದಲ್ಲಿ ಪದಕ್ಕೆ ಈ ಕಚೇರಿಯ ಗತ್ತು ಇನ್ನೂ ಉಳಿದಿದೆ. ಪತ್ರಿಕೆಯ ಮೂಲೆಯ ಜಾಹೀರಾತು ನೋಡಿ: ಈ ಸ್ವತ್ತಿನ ಬಗ್ಗೆ ಯಾರಿಗಾದರೂ ತಕರಾರಿದ್ದಲ್ಲಿ ಇಷ್ಟು ದಿನದೊಳಗೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ತಕರಾರು ಇಲ್ಲವೆಂದು ಭಾವಿಸಲಾಗುವುದು. ‘ನಂದೇನೂ ತಕರಾರಿಲ್ಲ’ ಎಂದು ಮದುವೆಗೆ ಒಪ್ಪುವ ಚಿಕ್ಕಪ್ಪನ ಮಾತಿನಲ್ಲೂ ಅದೇ ಗತ್ತು. ತಕರಾರಿಗೆ ನಾವು ಹಿಡಿಸುವ ಕ್ರಿಯಾಪದಗಳೂ ಸೊಗಸು. ತಕರಾರು ಎತ್ತಬಹುದು, ತೆಗೆಯಬಹುದು, ಹೂಡಬಹುದು. ಕೊಡುವುದು ಮಾತ್ರ ಕಡಿಮೆ.

ಮುಂಬಯಿಯಲ್ಲಿ ಕೊಡುತ್ತಾರೆ. ಮರಾಠಿಯ ತಕ್ರಾರ್ ಎಂದರೆ ನೇರವಾಗಿ ದೂರು. ಕಚೇರಿಯ ಗೋಡೆಗೆ ನೇತುಹಾಕಿದ ತಕ್ರಾರ್ ಪೇಟಿಯಲ್ಲಿ ಜಗಳ ಹಾಕುವಂತಿಲ್ಲ, ಚೀಟಿ ಹಾಕಬೇಕು. ನೀರು ಬರಲಿಲ್ಲವೆಂದರೆ ಪಾಲಿಕೆಗೆ ತಕ್ರಾರ್, ಮೊಬೈಲು ಕಳೆದರೆ ಪೊಲೀಸರಿಗೆ ತಕ್ರಾರ್. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ‘ತಕ್ರಾರ್ ಕೊಟ್ಟು ಬಂದೆ’ ಎಂದಾಗ ಊರಿಂದ ಬಂದ ಅಜ್ಜಿ, ಯಾರ ಜೊತೆ ಕಿತ್ತಾಡಿದೆಯೋ ಎಂದು ಗಾಬರಿಯಾದರೆ ತಪ್ಪಿಲ್ಲ. ಅದೇ ಲೋಕಲ್ ಡಬ್ಬಿಯಲ್ಲಿ ಗುಜರಾತಿಯವನ ತಕರಾರ್ ಎಂದರೆ ಬಾಯಿಜಗಳ. ದಕ್ಷಿಣಕ್ಕೆ ಹೋದರೆ ತಮಿಳಿನ ತಗರಾರು ಕೈಮಿಲಾಯಿಸುವ ಮಟ್ಟದ್ದು. ಎಲ್ಲಕ್ಕಿಂತ ದೂರ ನಡೆದದ್ದು ಮಲಯಾಳದಲ್ಲಿ. ಅಲ್ಲಿ ತಗರಾರು ಎಂದರೆ ದೋಷ, ಕೆಡುವಿಕೆ. ವಿಮಾನ ತಡವಾದರೆ ತಾಂತ್ರಿಕ ತಗರಾರು, ಫ್ಯಾನು ತಿರುಗದಿದ್ದರೆ ಅದಕ್ಕೂ ತಗರಾರು. ಜಗಳಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಇಲ್ಲೊಂದು ಮೋಸದ ನೆಂಟಸ್ತನವನ್ನೂ ಬಿಡಿಸಬೇಕು. ಕರಾರು ಎಂದರೆ ಒಪ್ಪಂದ, ಅದು ಮುರಿದರೆ ತಕರಾರು, ಎರಡೂ ಒಂದೇ ಬಳ್ಳಿಯವು ಎಂದು ಕೇಳಿದ್ದೇನೆ. ಕಿವಿಗೆ ಹಿತವಾಗಿದೆ, ಆದರೆ ನಿಜವಲ್ಲ. ಕರಾರಿನ ಮೊದಲ ಅಕ್ಷರ ಅರಬ್ಬಿಯಲ್ಲಿ ಗಂಟಲಾಳದ ಖಾಫ್; ಆ ಬೇರಿನ ಅರ್ಥ ನೆಲೆನಿಲ್ಲುವುದು, ಸ್ಥಿರವಾಗುವುದು. ಇಕರಾರು, ಕರಾರುವಾಕ್ಕು, ಹಿಂದಿ ಹಾಡುಗಳ ಬೇಕರಾರ್ ಎಲ್ಲ ಆ ಮನೆಯವು. ತಕರಾರಿನದು ಸಾದಾ ಕಾಫ್. ಕನ್ನಡದ ನಾಲಿಗೆ ಎರಡಕ್ಕೂ ಒಂದೇ ‘ಕ’ ಕೊಟ್ಟಿತು, ಪರಕೀಯರು ಅಣ್ಣತಮ್ಮಂದಿರಾದರು.

ಮೈದಾನದ ತಕರಾರಿಗೆ ಕಾರಣವಾಗುವ ಕಾರ್ಡಿನ ಹುಟ್ಟಿನಲ್ಲೂ ಭಾಷೆಯ ತೊಡಕೇ ಇದೆ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಆಡುತ್ತಿದ್ದ ಅರ್ಜೆಂಟೀನಾದ ನಾಯಕ ರತ್ತಿನ್‌ನನ್ನು ಜರ್ಮನ್ ರೆಫರಿ ಹೊರಗಟ್ಟಿದರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು, ನಾಯಕ ಜಾಗ ಬಿಟ್ಟು ಕದಲಲಿಲ್ಲ. ಇದನ್ನು ಕಂಡ ಇಂಗ್ಲಿಷ್ ರೆಫರಿ ಕೆನ್ ಆಸ್ಟನ್‌ಗೆ ಲಂಡನ್ನಿನ ಟ್ರಾಫಿಕ್ ದೀಪದೆದುರು ಹಳದಿ, ಕೆಂಪಿನ ಉಪಾಯ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಿಂದ ಕಾರ್ಡು ಬಂತು. ಏನು ತೀರ್ಪು ಎಂಬ ಗೊಂದಲ ಅಂದಿಗೆ ಮುಗಿಯಿತು. ಯಾಕೆ ಆ ತೀರ್ಪು ಎಂಬುದಕ್ಕೆ ಬಣ್ಣ ಇನ್ನೂ ಸಿಕ್ಕಿಲ್ಲ. ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ಇದ್ದಿದ್ದರೆ ಎನ್ನುವವರಿದ್ದಾರೆ. ಅಂಧೇರಿಯ ಆ ಫೈನಲ್‌ಗೆ ವಿಎಆರ್ ಇರಲಿಲ್ಲ. ಇದ್ದಿದ್ದರೂ ಆಗಿನ ನಿಯಮದಂತೆ ಕಾರ್ಡುಗಳ ಪೈಕಿ ಅದು ನೇರ ಕೆಂಪನ್ನು ಮಾತ್ರ ಪರಿಶೀಲಿಸಬಹುದಿತ್ತು, ಎರಡನೇ ಹಳದಿಯನ್ನಲ್ಲ. ಮತ್ತೆ ನೋಡುವ ಕೆಲಸವೆಲ್ಲ ಅಭಿಮಾನಿಗಳ ಪಾಲಿಗೇ ಉಳಿಯುತ್ತಿತ್ತು. ಅರಬ್ಬಿಯ ತಕ್ರಾರನ್ನೂ ಕನ್ನಡದ ತಕರಾರನ್ನೂ ಅವರೇ ನಡೆಸಬೇಕಿತ್ತು.

ಈ ಎರಡು ಅರ್ಥಗಳು ಒಂದೇ ಅರ್ಜಿಯಲ್ಲಿ ಕೂಡಿದ್ದು 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಪಂದ್ಯದ ನಂತರ. ಕೇರಳ ಬ್ಲಾಸ್ಟರ್ಸ್ ಗೋಡೆ ಕಟ್ಟಿಕೊಳ್ಳುವ ಮೊದಲೇ ಬೆಂಗಳೂರು ತಂಡದ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದ, ಗೋಲೆಂದು ತೀರ್ಪಾಯಿತು, ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಕರೆದುಕೊಂಡು ಹೋದರು. ಕೇರಳದವರ ತಕರಾರು, ಪಂದ್ಯವನ್ನು ಮತ್ತೆ ಆಡಿಸಿ ಎಂದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಒಪ್ಪಲಿಲ್ಲ. 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ. ಕೊಚ್ಚಿಯವರ ಎದುರು ಆ ಫ್ರೀಕಿಕ್ಕಿನ ಹೆಸರೆತ್ತಿದರೆ ಇವತ್ತಿಗೂ ಒಂದು ಗಂಟೆ ಹೋಗುತ್ತದೆ.

ಅಂಧೇರಿಯ ಪಾತ್ರಧಾರಿಗಳನ್ನು ಕೆಂಪು ಅಷ್ಟಕ್ಕೇ ಬಿಡಲಿಲ್ಲ. ಜಹೂಹ್ 2020ರಲ್ಲಿ ಮುಂಬಯಿ ಸಿಟಿಗೆ ಬಂದ, ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧದ ತನ್ನ ಮೊದಲ ಪಂದ್ಯದಲ್ಲೇ ಮಧ್ಯಂತರಕ್ಕೆ ಮೊದಲು ನೇರ ಕೆಂಪು ಕಂಡ, ಮುಂಬಯಿ ಒಂದು ಗೋಲಿನಿಂದ ಸೋತಿತು. ಭೇಕೆಯೂ ಮುಂಬಯಿಗೆ ಬಂದ. 2023ರ ಡಿಸೆಂಬರ್ 20ರಂದು ಅಂಧೇರಿಯ ಅದೇ ಮೈದಾನದಲ್ಲಿ ಮುಂಬಯಿ 2-1ರಿಂದ ಮೋಹನ್ ಬಾಗಾನನ್ನು ಸೋಲಿಸಿದಾಗ ಒಟ್ಟು ಏಳು ಕೆಂಪು ಕಾರ್ಡು: ಮುಂಬಯಿಗೆ ನಾಲ್ಕು, ಕೋಲ್ಕತ್ತದವರಿಗೆ ಮೂರು. ಮೊದಲನೆಯದು ಹದಿನೈದು ನಿಮಿಷ ತುಂಬುವುದರೊಳಗೆ ಆಕಾಶ್ ಮಿಶ್ರಾಗೆ. ನಾಲ್ವರ ಪಟ್ಟಿಯಲ್ಲಿ ಭೇಕೆಯ ಹೆಸರೂ ಇತ್ತು. ಕೆಲವು ಕಾರ್ಡುಗಳು ಹೊರಬಂದದ್ದು ಆಟ ಮುಗಿದ ಮೇಲೆ. ಗೆದ್ದವರಿಗೂ ತಕ್ರಾರ್ ಕೊಡುವಷ್ಟಿತ್ತು, ಸೋತವರಿಗೂ ತಕರಾರು ಎತ್ತುವಷ್ಟಿತ್ತು, ಆಟಗಾರರ ನಡುವೆ ನಡೆದದ್ದಕ್ಕೆ ತಮಿಳಿನ ತಗರಾರೇ ಸರಿ. ಮಲಯಾಳಿ ಗೆಳೆಯನೊಬ್ಬ ಪಕ್ಕದಲ್ಲಿ ಕೂತಿದ್ದರೆ ಆಟಕ್ಕೇ ತಗರಾರಾಗಿದೆ ಎನ್ನುತ್ತಿದ್ದ. ನಾವು ಅದನ್ನು ಆಕ್ಷೇಪಣೆ ಎಂದುಕೊಂಡು, ಯಾವ ಕಾರ್ಡಿಗಪ್ಪಾ ನಿನ್ನ ತಕರಾರು ಎಂದು ಅವನ ಜೊತೆಗೂ ಶುರುಮಾಡುತ್ತಿದ್ದೆವು.