ಫಿಲಡೆಲ್ಫಿಯಾದಲ್ಲಿ ಹೈದರಾಲಿ

ಅಮೆರಿಕದ ಪೂರ್ವ ತೀರದಲ್ಲಿ ನೆಲೆಸಿರುವ ನಮ್ಮಲ್ಲಿ ಫಿಲಡೆಲ್ಫಿಯಾ ನೋಡದವರು ಕಡಿಮೆ. ಊರಿನಿಂದ ಅಪ್ಪ ಅಮ್ಮ ಬಂದರೆ ನಯಾಗರ ಆಯಿತು, ವಾಷಿಂಗ್ಟನ್ ಆಯಿತು, ಆಮೇಲೆ ಒಂದು ದಿನ ಫಿಲಡೆಲ್ಫಿಯಾ. ಗಂಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಸಂಜೆಗೆ ಮನೆ ಸೇರುವುದು ರೂಢಿ. ನಾವೂ ಹಾಗೆ ಎರಡು ಮೂರು ಸಲ ಹೋಗಿ ಬಂದವರೇ. ಈ ಸಲ ಮಾತ್ರ ಸಂಘದ ನಾಲ್ಕು ಕುಟುಂಬಗಳು ಸೇರಿ ಶನಿವಾರ, ಭಾನುವಾರ ಅಲ್ಲೇ ಉಳಿದು ನಿಧಾನವಾಗಿ ನೋಡಿದೆವು. ಪುಳಿಯೋಗರೆ, ಮೊಸರನ್ನ ಜೊತೆಗಿದ್ದುದರಿಂದ ಹೋಟೆಲ್ ಹುಡುಕುವ ತಾಪತ್ರಯವೂ ಇರಲಿಲ್ಲ. ಹೀಗೆ ಸುತ್ತಾಡುವಾಗ ಈ ಊರಿಗೂ ನಮ್ಮ ಶ್ರೀರಂಗಪಟ್ಟಣಕ್ಕೂ ಇರುವ ಹಳೆಯ ನಂಟು ಮಾತಿಗೆ ಬಂತು. ಅದನ್ನು ಓದುಗರೊಡನೆ ಹಂಚಿಕೊಳ್ಳೋಣವೆಂದು ಈ ಲೇಖನ.

ವಿಲಿಯಂ ಪೆನ್ ಎಂಬ ಕ್ವೇಕರ್ ಪಂಥದವನು 1682ರಲ್ಲಿ ಕಟ್ಟಿಸಿದ ಊರು ಇದು. ಗ್ರೀಕ್ ಮೂಲದ ಈ ಹೆಸರಿಗೆ ಸೋದರ ಪ್ರೇಮ ಎಂದು ಅರ್ಥ. ಡೆಲವೇರ್ ಮತ್ತು ಸ್ಕೂಲ್‌ಕಿಲ್ ಎಂಬ ಎರಡು ನದಿಗಳ ನಡುವೆ ಚೌಕಾಬಾರದ ಮನೆಯಂತೆ ನೇರ ಬೀದಿಗಳು. ದಾರಿ ತಪ್ಪುವ ಭಯವಿಲ್ಲ, ಮಕ್ಕಳನ್ನು ಕರೆದುಕೊಂಡು ನಡೆದೇ ನೋಡಬಹುದು.

ಮೊದಲು ಹೋದದ್ದು ಇಂಡಿಪೆಂಡೆನ್ಸ್ ಹಾಲಿಗೆ. ಕೆಂಪು ಇಟ್ಟಿಗೆಯ ಈ ಕಟ್ಟಡವನ್ನು ಪೆನ್ಸಿಲ್ವೇನಿಯಾದ ಸರ್ಕಾರಿ ಭವನವೆಂದು 1732ರಲ್ಲಿ ಕಟ್ಟಲು ಆರಂಭಿಸಿದರು. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ್ದು ಇಲ್ಲಿ, 1787ರಲ್ಲಿ ಸಂವಿಧಾನವನ್ನು ರಚಿಸಿದ್ದೂ ಇಲ್ಲೇ. ಇದೆಲ್ಲ ನಮ್ಮ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದರ ಹಿಂಭಾಗದ ಅಂಗಳದಲ್ಲಿ ನಡೆಯಿತು. 1773ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಜನ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ಕಥೆ ಎಲ್ಲರಿಗೂ ಗೊತ್ತು. ಅದೇ ತಿಂಗಳು 'ಪಾಲಿ' ಎಂಬ ಹಡಗು ಸುಮಾರು 700 ಪೆಟ್ಟಿಗೆ ಚಹಾ ಹೊತ್ತು ಫಿಲಡೆಲ್ಫಿಯಾಕ್ಕೂ ಹೊರಟು ಬಂದಿತ್ತು. ಸುಮಾರು 8,000 ಜನ ಈ ಅಂಗಳದಲ್ಲಿ ಸಭೆ ಸೇರಿ, ಒಂದು ಪೆಟ್ಟಿಗೆಯನ್ನೂ ಇಳಿಸಲು ಬಿಡದೆ ಹಡಗನ್ನು ಬಂದ ದಾರಿಯಲ್ಲೇ ಲಂಡನ್ನಿಗೆ ಅಟ್ಟಿದರು. ಆ ಚಹಾ ಯಾರದ್ದು? ಈಸ್ಟ್ ಇಂಡಿಯಾ ಕಂಪನಿಯದ್ದು! ಹೈದರಾಲಿ 1769ರಲ್ಲಿ ಮದರಾಸಿನ ಬಾಗಿಲವರೆಗೆ ದಂಡೆತ್ತಿ ಹೋಗಿ, ತನ್ನ ಷರತ್ತಿಗೆ ಒಪ್ಪಿಸಿ ಸಂಧಿ ಮಾಡಿಸಿಕೊಂಡದ್ದೂ ಇದೇ ಕಂಪನಿಯ ಜೊತೆ.

ಅಲ್ಲಿಂದ ರಸ್ತೆ ದಾಟಿದರೆ ಲಿಬರ್ಟಿ ಬೆಲ್. 1752ರಲ್ಲಿ ಲಂಡನ್ನಿನಿಂದ ಬಂದ ಗಂಟೆ ಮೊದಲ ಪರೀಕ್ಷೆಯಲ್ಲೇ ಬಿರುಕು ಬಿಟ್ಟಿತು. ಸ್ಥಳೀಯ ಎರಕದವರಾದ ಪಾಸ್ ಮತ್ತು ಸ್ಟೋ ಅದನ್ನು ಕರಗಿಸಿ ಎರಡು ಸಲ ಹೊಸದಾಗಿ ಎರಕ ಹೊಯ್ದರು. ಈಗ ನಾವು ನೋಡುವ ದೊಡ್ಡ ಬಿರುಕು ನಂತರದ ಕಾಲದ್ದು. 'ಲಿಬರ್ಟಿ ಬೆಲ್' ಎಂಬ ಹೆಸರು ಕೂಡ 1776ರದಲ್ಲ. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದವರು 1830ರ ದಶಕದಲ್ಲಿ ಇಟ್ಟ ಹೆಸರು ಅದು.

ಆ ಹೆಸರು ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಪಕ್ಕದಲ್ಲೇ ಇದೆ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1790ರಿಂದ 1797ರವರೆಗೆ ವಾಸವಿದ್ದ ಮನೆ ಇದ್ದ ಜಾಗ ಅದು. ಆತನ ಮನೆಯಲ್ಲಿ ಇಲ್ಲಿ ಒಂಬತ್ತು ಜನ ಗುಲಾಮರಿದ್ದರು. ಪೆನ್ಸಿಲ್ವೇನಿಯಾದ 1780ರ ಕಾನೂನಿನ ಪ್ರಕಾರ ಹೊರಗಿನವರು ಕರೆತಂದ ಗುಲಾಮರು ಆರು ತಿಂಗಳು ಇಲ್ಲೇ ಉಳಿದರೆ ಬಿಡುಗಡೆ ಪಡೆಯಬಹುದಿತ್ತು. ಅದಕ್ಕೇ ಅವಧಿ ತುಂಬುವ ಮೊದಲೇ ಅವರನ್ನು ಸರದಿಯ ಮೇಲೆ ರಾಜ್ಯದ ಹೊರಗೆ ಕಳಿಸಿ ಮತ್ತೆ ಕರೆತರುತ್ತಿದ್ದರು. ಓನಾ ಜಡ್ಜ್ ಎಂಬ ಹೆಣ್ಣುಮಗಳು 1796ರಲ್ಲಿ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಷೈರ್ ಸೇರಿದಳು. ವಾಷಿಂಗ್ಟನ್ ಎಷ್ಟು ಪ್ರಯತ್ನಿಸಿದರೂ ಹಿಂತಿರುಗಲಿಲ್ಲ. "ಅವರು ಗುಡ್ ಪ್ರೆಸಿಡೆಂಟ್ ಅಲ್ವಾ ಅಂಕಲ್?" ಎಂದು ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದಳು. ದೊಡ್ಡ ಕೆಲಸ ಮಾಡಿದವರು ತಪ್ಪನ್ನೂ ಮಾಡಿರುತ್ತಾರೆ, ಎರಡನ್ನೂ ತಿಳಿದುಕೊಳ್ಳಬೇಕಮ್ಮ ಎಂದು ಹೇಳಿದೆವು.

ಈ ಗಂಟೆಗೆ ಒಂದು ವನವಾಸವೂ ಆಗಿದೆ. 1777ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೈನ್ಯ ಸಮೀಪಿಸಿದಾಗ, ಕರಗಿಸಿ ಗುಂಡು ಮಾಡಿಕೊಂಡಾರು ಎಂದು ಹೆದರಿ ಗಂಟೆಯನ್ನು ಇಳಿಸಿ ಗಾಡಿಯಲ್ಲಿ ಹೇರಿ ಅಲೆನ್‌ಟೌನ್ ಊರಿನ ಚರ್ಚಿನಲ್ಲಿ ಬಚ್ಚಿಟ್ಟರು. ಸೆಪ್ಟೆಂಬರ್ 26ರಂದು ಊರನ್ನು ವಶಪಡಿಸಿಕೊಂಡ ಸೈನ್ಯದ ಮುಂದಾಳು ಲಾರ್ಡ್ ಕಾರ್ನ್‌ವಾಲಿಸ್. ಈ ಹೆಸರು ಕೇಳಿದ ಕೂಡಲೇ ಮಂಡ್ಯ ಕಡೆಯ ನಮ್ಮ ಸ್ನೇಹಿತರ ಕಿವಿ ನೆಟ್ಟಗಾಯಿತು. ಹೌದು, ಅದೇ ಕಾರ್ನ್‌ವಾಲಿಸ್!

ಭಾನುವಾರ ಬೆಳಿಗ್ಗೆ ಡೆಲವೇರ್ ನದಿಯ ದಡದ ಪೆನ್ಸ್ ಲ್ಯಾಂಡಿಂಗ್‌ಗೆ ಹೋದೆವು. 1782ರಲ್ಲಿ ಈ ನದಿಯ ಮುಖದಲ್ಲಿ ಬ್ರಿಟಿಷ್ ಪಕ್ಷದ ಹಡಗುಗಳು ವ್ಯಾಪಾರಿಗಳನ್ನು ಸುಲಿಯುತ್ತಿದ್ದವು. ಅವುಗಳಿಂದ ರಕ್ಷಿಸಲು ಪೆನ್ಸಿಲ್ವೇನಿಯಾದವರು 16 ಫಿರಂಗಿಗಳ ಒಂದು ಯುದ್ಧನೌಕೆಯನ್ನು ಸಜ್ಜುಗೊಳಿಸಿದರು. ಅದರ ಹೆಸರು 'ಹೈದರ್ ಅಲಿ'! ಕಪ್ತಾನ ಜೋಶುವಾ ಬಾರ್ನಿಗೆ ಆಗ 22 ವರ್ಷ. ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ 'ಜನರಲ್ ಮಂಕ್' ಎಂಬ ಬ್ರಿಟಿಷ್ ನೌಕೆ ಎದುರಾಯಿತು. ತಾನು ಕೂಗಿ ಕೊಡುವ ಆಜ್ಞೆಗೆ ಸರಿಯಾಗಿ ವಿರುದ್ಧವಾಗಿ ಚುಕ್ಕಾಣಿ ತಿರುಗಿಸಬೇಕೆಂದು ಬಾರ್ನಿ ತನ್ನವನಿಗೆ ಮೊದಲೇ ಹೇಳಿಟ್ಟಿದ್ದನಂತೆ. ಶತ್ರು ಮೋಸಹೋದ. ಅರ್ಧ ಗಂಟೆಯೊಳಗೆ 'ಮಂಕ್' ಶರಣಾಯಿತು, 'ಹೈದರ್ ಅಲಿ' ಅದನ್ನು ಸೆರೆಹಿಡಿದು ಫಿಲಡೆಲ್ಫಿಯಾಕ್ಕೆ ತಂದಿತು. ಫಿಲಿಪ್ ಫ್ರೆನೋ ಎಂಬ ಕವಿ ಈ ಗೆಲುವಿನ ಮೇಲೆ ಪದ್ಯ ಕಟ್ಟಿದ. ಕಥೆ ಕೇಳಿ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. "ನಮ್ಮ ಮೈಸೂರಿನ ಹೈದರಾಲೀನಾ?" ಎಂದು ಮತ್ತೆ ಮತ್ತೆ ಕೇಳಿದರು.

ಎಲ್ಲಿಯ ಡೆಲವೇರ್, ಎಲ್ಲಿಯ ಕಾವೇರಿ? ಕೊಂಡಿ ಹೀಗಿದೆ. ಅಮೆರಿಕನ್ನರು 1777ರಲ್ಲಿ ಸಾರಟೋಗದಲ್ಲಿ ಗೆದ್ದ ಮೇಲೆ ಫ್ರಾನ್ಸ್ 1778ರಲ್ಲಿ ಅವರ ಪಕ್ಷ ಸೇರಿತು. ಬ್ರಿಟನ್ ಮತ್ತು ಫ್ರಾನ್ಸ್ ನಡುವಿನ ಯುದ್ಧ ಕೂಡಲೇ ಭಾರತಕ್ಕೂ ಹಬ್ಬಿತು. 1779ರಲ್ಲಿ ಕಂಪನಿಯವರು ಮಲಬಾರಿನ ಫ್ರೆಂಚ್ ಬಂದರು ಮಾಹೆಯನ್ನು ಹಿಡಿದರು. ಹೈದರಾಲಿಗೆ ಯುದ್ಧಸಾಮಗ್ರಿ ಬರುತ್ತಿದ್ದ ದಾರಿ ಅದು. ಮರಾಠರ ವಿರುದ್ಧ ಕೊಟ್ಟ ಮಾತಿಗೆ ಕಂಪನಿ ತಪ್ಪಿದ ಸಿಟ್ಟೂ ಅವನಲ್ಲಿತ್ತು. 1780ರಲ್ಲಿ ಕರ್ನಾಟಿಕ್ ಪ್ರಾಂತ್ಯಕ್ಕೆ ನುಗ್ಗಿದ. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ನಾಶವಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ನಾವೆಲ್ಲ ಶಾಲೆಯ ಪ್ರವಾಸದಲ್ಲಿ ನೋಡಿದ ದೊಡ್ಡ ಚಿತ್ರ ಈ ಯುದ್ಧದ್ದೇ. ಸಮಾನ ಶತ್ರುವಿಗೆ ಬಿದ್ದ ಪೆಟ್ಟು ಅಮೆರಿಕನ್ನರಿಗೆ ಹಿತವಾಯಿತು. ಹಡಗಿಗೆ ಆ ಹೆಸರು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅದೇ 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ.

ಕಾರ್ನ್‌ವಾಲಿಸ್ 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ. ಈ ದೇಶದ ಪಠ್ಯಪುಸ್ತಕದಲ್ಲಿ ಅವನ ಕಥೆ ಬಹುಮಟ್ಟಿಗೆ ಅಲ್ಲಿಗೆ ಮುಗಿಯುತ್ತದೆ. ನಮ್ಮ ಕಥೆಯಲ್ಲಿ ಅವನ ಪ್ರವೇಶ ಆಗುವುದೇ ಆಮೇಲೆ. 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1791ರ ಮಾರ್ಚ್ 21ರಂದು ಬೆಂಗಳೂರಿನ ಕೋಟೆ ಹಿಡಿದ. ಅವನ ಸೈನ್ಯ ಗೋಡೆ ಒಡೆದ ಜಾಗವನ್ನು ಸೂಚಿಸುವ ಕಲ್ಲು ಅಲ್ಲಿದೆ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನಿಂದ ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಗೆ ಒಪ್ಪಿಗೆ ಪಡೆದ. ಹಣ ಸಂದಾಯವಾಗುವವರೆಗೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊಂಡ. ಇಲ್ಲಿ ಕಳೆದುಕೊಂಡ ಮಾನವನ್ನು ಅಲ್ಲಿ ಗಳಿಸಿಕೊಂಡ ಎನ್ನಬಹುದು. ಒಂದು ಊರಿಗೆ ಸ್ವಾತಂತ್ರ್ಯ ಬಂತು, ಇನ್ನೊಂದು ಊರಿನ ಮೇಲೆ ಫಿರಂಗಿ ತಿರುಗಿತು.

ಹೈದರಾಲಿ ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಎಂದು ಹೇಳಿದರೆ ಅತಿಯಾದೀತು. ಅವನು ಕಾದಾಡಿದ್ದು ತನ್ನ ರಾಜ್ಯಕ್ಕಾಗಿ. ಆ ರಾಜ್ಯವನ್ನೂ ಒಡೆಯರ ಕೈಯಿಂದ ತನ್ನ ಕೈಗೆ ತೆಗೆದುಕೊಂಡಿದ್ದವನು. ಅವನ, ಅವನ ಮಗನ ದಂಡಯಾತ್ರೆಗಳ ನೋವನ್ನು ಕೊಡಗಿನವರು, ಮಲಬಾರಿನವರು ಮರೆತಿಲ್ಲ. ವಾಷಿಂಗ್ಟನ್ ಬಗ್ಗೆ ಆ ಹುಡುಗಿಗೆ ಹೇಳಿದ ಮಾತೇ ಇಲ್ಲಿಗೂ ಅನ್ವಯಿಸುತ್ತದೆ.

ನಮ್ಮ ಮಕ್ಕಳು ಅಮೆರಿಕದ ಚರಿತ್ರೆಯನ್ನು ಶಾಲೆಯಲ್ಲಿ ಕಲಿಯುತ್ತಾರೆ. ಕರ್ನಾಟಕದ ಚರಿತ್ರೆ ಅವರಿಗೆ ಅಜ್ಜ ಅಜ್ಜಿ ಹೇಳುವ ಬೇರೆ ಲೋಕದ ಕಥೆ. ಎರಡೂ ಒಂದೇ ಕಾಲದ, ಒಂದೇ ಜಗಳದ ಎರಡು ತುದಿ ಎಂದು ತೋರಿಸಲು ಫಿಲಡೆಲ್ಫಿಯಾದಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ ಎಂದು ನಮ್ಮ ಅನಿಸಿಕೆ.

ಹೋಗಬಯಸುವವರಿಗೆ ಒಂದೆರಡು ಸೂಚನೆ. ಇಂಡಿಪೆಂಡೆನ್ಸ್ ಹಾಲಿಗೆ ಟಿಕೆಟ್ಟನ್ನು ಮೊದಲೇ ಕಾದಿರಿಸಿ. ನಡೆಯುವುದು ಬಹಳ, ಹಿರಿಯರಿಗೆ ಒಳ್ಳೆಯ ಶೂ ಇರಲಿ. ಗಂಟೆ ನೋಡಿ ವಾಪಸ್ ಬರಬೇಡಿ, ನದಿಯವರೆಗೂ ಹೋಗಿ. 'ಹೈದರ್ ಅಲಿ' ನೌಕೆಯ ಫಲಕ ದಡದಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಲ್ಲಿ ನಿಂತು ಮಕ್ಕಳಿಗೆ ಕಥೆ ಹೇಳುವ ಕೆಲಸ ನಮ್ಮದೇ.