ಮೂರು ವರ್ಷದ ಭಾನುವಾರ ತಿಂದ ಸಂಖ್ಯೆ

147573952589676412927. ಇಪ್ಪತ್ತೊಂದು ಅಂಕಿ. 67 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಇದು ಸಿಗುತ್ತೆ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರಿನ್ ಮರ್ಸೆನ್ ಈ ಥರದ ಸಂಖ್ಯೆಗಳ ಪಟ್ಟಿಯೊಂದನ್ನು ಕೊಟ್ಟ. ಎರಡರ ಘಾತ 257ರ ತನಕ ಇವಿಷ್ಟೇ ಅವಿಭಾಜ್ಯ, ಅಂದ್ರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು ಅಂತ. ಪಟ್ಟಿಯಲ್ಲಿ 67 ಇತ್ತು. ಪುರಾವೆ ಇರಲಿಲ್ಲ.

ಇನ್ನೂರು ಚಿಲ್ಲರೆ ವರ್ಷ ಕಳೆದ ಮೇಲೆ, 1876ರಲ್ಲಿ, ಎಡುವಾರ್ ಲೂಕಾ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಆ ಮಾತನ್ನು ಬೀಳಿಸಿದ. ಅವನ ಪರೀಕ್ಷೆ ವಿಚಿತ್ರದ್ದು. ಸಂಖ್ಯೆ ಒಡೆಯುತ್ತೆ ಅನ್ನುತ್ತೆ, ಯಾವುದರಿಂದ ಒಡೆಯುತ್ತೆ ಅಂತ ಮಾತ್ರ ಬಾಯಿ ಬಿಡಲ್ಲ. ಮನೆಯೊಳಗೆ ಕಳ್ಳ ಇದ್ದಾನೆ, ಯಾವ ಕೋಣೆಯಲ್ಲಿ ಅಂತ ಗೊತ್ತಿಲ್ಲ.

ಕಳ್ಳ ಸಿಕ್ಕಿದ್ದು 27 ವರ್ಷದ ನಂತರ. 1903ರ ಅಕ್ಟೋಬರ್ 31, ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್ ಪ್ರಬಂಧ ಮಂಡಿಸಬೇಕಿತ್ತು. ಇ. ಟಿ. ಬೆಲ್ ಬರೆದಿರುವ ಪ್ರಕಾರ, ಕೋಲ್ ತುಟಿ ಬಿಚ್ಚದೆ ಬೋರ್ಡಿನ ಹತ್ತಿರ ಹೋಗಿ ಎರಡರ ಘಾತ 67 ಲೆಕ್ಕ ಹಾಕಿ, ಒಂದು ಕಳೆದ. ಪಕ್ಕದಲ್ಲಿ 193707721 ಮತ್ತು 761838257287 ಬರೆದು, ಶಾಲೆ ಮಕ್ಕಳ ಹಾಗೆ ಸಾಲುಸಾಲಾಗಿ ಗುಣಿಸಿದ. ಎರಡೂ ಕಡೆ ಒಂದೇ ಉತ್ತರ. ಹೋಗಿ ಕೂತ. ಸಭೆಯಲ್ಲಿ ಜೋರು ಚಪ್ಪಾಳೆ. ಎಷ್ಟು ಸಮಯ ಹಿಡೀತು ಅಂತ ಮುಂದೊಮ್ಮೆ ಬೆಲ್ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಅಂದನಂತೆ. ಬೆಲ್ ಕಥೆಗೆ ಒಗ್ಗರಣೆ ಹಾಕುವ ಪೈಕಿ, ಹಾಗಾಗಿ ಸ್ವಲ್ಪ ಹುಷಾರಾಗಿ ನಂಬಿ. ಗುಣಾಕಾರವನ್ನು ಮಾತ್ರ ನೀವೇ ಪೇಪರ್ ಮೇಲೆ ಮಾಡಿ ನೋಡಬಹುದು.

ಕೋಲ್ ಕುರುಡಾಗಿ ಹುಡುಕಲಿಲ್ಲ. ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಸಂಖ್ಯೆ ಇರಲಿ, ಅದನ್ನು 67ರ ದುಪ್ಪಟ್ಟಾದ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಬೇರೆಯವನ್ನೆಲ್ಲ ಮುಟ್ಟುವುದೇ ಬೇಡ. ಹಾಗಿದ್ದೂ, 135ರಿಂದ ಶುರುವಾಗುವ ಆ ಸಾಲಿನಲ್ಲಿ ಕೋಲ್‌ಗೆ ಸಿಕ್ಕ ಚಿಕ್ಕ ಅಪವರ್ತನ ಇರುವುದು 14,45,580ನೆಯ ಜಾಗದಲ್ಲಿ! ಇನ್ನಷ್ಟು ಜರಡಿ ಹಿಡಿಯದೆ ಕೈಯಲ್ಲಿ ಆಗುವ ಕೆಲಸ ಅಲ್ಲ.

ಇವತ್ತು ನಿಮ್ಮ ಲ್ಯಾಪ್‌ಟಾಪ್ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆಯುತ್ತೆ. ಆದರೆ ಲೂಕಾನಿಗೆ ತಿಳಿದದ್ದಕ್ಕೂ ಕೋಲ್ ಹುಡುಕಿದ್ದಕ್ಕೂ ನಡುವಿನ ಅಂತರ ಮುಚ್ಚಿಲ್ಲ. ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ವೇಗವಾಗಿ, ಖಚಿತವಾಗಿ ಹೇಳುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಒಡೆಯುವುದಕ್ಕೆ ಅಂಥ ವೇಗದ ದಾರಿ, ನಾವು ಬಳಸುವ ಕಂಪ್ಯೂಟರುಗಳಿಗೆ, ಇನ್ನೂ ಸಿಕ್ಕಿಲ್ಲ. 1977ರಲ್ಲಿ ಹುಟ್ಟಿದ ಆರ್‌ಎಸ್‌ಎ ಗೂಢಲಿಪಿ ನಿಂತಿರುವುದು ಇದೇ ಸಂದಿಯಲ್ಲಿ. ಅದರ 2048 ಬಿಟ್‌ನ ಕೀಲಿ ಅಂದ್ರೆ 617 ಅಂಕಿಯ ಸಂಖ್ಯೆ. ಅದನ್ನು ಯಾರೂ ಬಚ್ಚಿಡುವುದಿಲ್ಲ. ಎರಡು ಅವಿಭಾಜ್ಯಗಳ ಗುಣಲಬ್ಧ ಅಂತಲೂ ಎಲ್ಲರಿಗೂ ಗೊತ್ತು. ಬಚ್ಚಿಡುವುದು ಆ ಎರಡನ್ನು ಮಾತ್ರ.